ಹೊಗೆಯ ಮೂಲವೂ ಸತ್ಯಸಾಕ್ಷಿಯೂ: ಸೋಮವಾರಪೇಟೆಯ ಒಲೆಯ ಮುಂದೆ ಒಂದು ವಿಚಾರ

ಆಷಾಢದ ಮಳೆ ಹಿಡಿದ ಮೇಲೆ ಸೋಮವಾರಪೇಟೆಯ ಸುತ್ತಣ ಕಾಫಿ ತೋಟಗಳಲ್ಲಿ ಬೆಳಗಾದುದು ಬೆಳಕಿಗಿಂತ ಮೊದಲು ಹೊಗೆಯಿಂದ ತಿಳಿಯುತ್ತದೆ. ಲೈನ್ ಮನೆಗಳ ಹೆಂಚಿನ ಸಂದುಗಳಿಂದ ಹೊರಬಂದ ಹೊಗೆ ಮೇಲಕ್ಕೇಳಲಾರದೆ ಮಾಡಿನ ಮೇಲೆಯೇ ಮಲಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿದಾಗ ಇಳಿಸಿದ ನೆರಳುಮರಗಳ ಕೊಂಬೆ, ಕಿತ್ತುಹಾಕಿದ ಹಳೆಯ ಕಾಫಿ ಗಿಡಗಳ ಬುಡ, ಇವೇ ಅಲ್ಲಿನ ಉರುವಲು. ಎಷ್ಟು ಜೋಪಾನವಾಗಿ ಒಟ್ಟಿದರೂ ಜುಲೈ ತಿಂಗಳ ಹೊತ್ತಿಗೆ ಸೌದೆ ತೇವವನ್ನು ಹೀರಿಕೊಂಡಿರುತ್ತದೆ. ಇರಚಲು ಹೊಡೆಯದಂತೆ ಕಿಟಕಿ ಮುಚ್ಚಿರುತ್ತದೆ. ಅನ್ನಕ್ಕೊಂದು ಒಲೆ, ಬಚ್ಚಲ ಹಂಡೆಗೊಂದು ಒಲೆ. ಎರಡನ್ನೂ ಊದುವವಳು ಒಬ್ಬಳೇ.

ಇದೇ ಜಿಲ್ಲೆಯ ಮಡಿಕೇರಿಯಲ್ಲಿ, ಸ್ಟುವರ್ಟ್ ಹಿಲ್ ಎಂಬಲ್ಲಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವಾಯುಮಾಪನ ಕೇಂದ್ರವಿದೆ. ಅದು ಕೊಡುವ ಅಂಕಿಗಳ ಬಲದಿಂದ ಮಡಿಕೇರಿಯ ಹೆಸರು ದೇಶದ ಅತಿ ಶುದ್ಧ ಗಾಳಿಯ ಊರುಗಳ ಪಟ್ಟಿಯಲ್ಲಿ ಪದೇಪದೇ ಕಾಣಿಸಿಕೊಳ್ಳುತ್ತದೆ. ಆ ಅಂಕಿಗಳು ಸುಳ್ಳಲ್ಲ. ಕೊಡಗಿನವರು ಅದಕ್ಕಾಗಿ ಹೆಮ್ಮೆಪಡುವುದೂ ತಪ್ಪಲ್ಲ. ಆದರೆ ಯಂತ್ರವಿರುವುದು ಗುಡ್ಡದ ಮೇಲೆ, ಒಲೆಯಿರುವುದು ಮನೆಯೊಳಗೆ. ಮುಂಗಾರು ಆಕಾಶವನ್ನು ತೊಳೆದಿಡುವ ತಿಂಗಳುಗಳಲ್ಲಿಯೇ ಅಡುಗೆಮನೆಯ ಗಾಳಿಯು ಅತ್ಯಂತ ಕೆಡುತ್ತದೆ. ಜೂನ್ ತಿಂಗಳ ಪರಿಸರ ಆರಾಧನೆಗಳಲ್ಲಿ ನಮ್ಮ ಸಭೆಗಳು ಬೆಟ್ಟವನ್ನೂ ಹೊಳೆಯನ್ನೂ ಕಾಡಾನೆಯನ್ನೂ ನೆನೆದು ಪ್ರಾರ್ಥಿಸುತ್ತವೆ. ಅಡುಗೆಮನೆಯನ್ನು ನೆನೆದು ಪ್ರಾರ್ಥಿಸಿದ್ದನ್ನು ನಾವು ಹೆಚ್ಚಾಗಿ ಕೇಳಿಲ್ಲ.

ಕಳೆದ ಐವತ್ತು ವರ್ಷಗಳಲ್ಲಿ ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಗಳು ಈ ಹೊಗೆಯ ಬಗೆಗೆ ಏನನ್ನು ಕಂಡುಕೊಂಡಿವೆ, ಗಾಳಿಯಲ್ಲಿರುವ ಮಸಿಯ ಒಂದು ಕಣವನ್ನು ಹಿಡಿದು ಅದು ಯಾರ ಒಲೆಯದು ಎಂದು ಹೇಗೆ ಹೇಳುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಬಯಸುತ್ತೇವೆ. ‘ಯಾರದು’ ಎಂಬ ಪ್ರಶ್ನೆ ಬಂದೊಡನೆ ವಿಷಯವು ಪ್ರಯೋಗಾಲಯವನ್ನು ದಾಟಿ, ನೆರೆಯವರ ವಿಷಯದಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯ ವ್ಯಾಪ್ತಿಗೆ ಬರುತ್ತದೆ. ಆದುದರಿಂದಲೇ ಇದು ದೇವಶಾಸ್ತ್ರದ ಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೆಂದು ನಮ್ಮ ಭಾವನೆ.

ಹೊಗೆಯಲ್ಲಿ ಏನಿದೆ

ಸೌದೆಯು ಪೂರ್ತಿಯಾಗಿ ಉರಿದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಬೂದಿ. ಮೂರು ಕಲ್ಲಿನ ಒಲೆಯಲ್ಲಿ ಅದು ಪೂರ್ತಿ ಉರಿಯುವುದಿಲ್ಲ. ಗಾಳಿ ಸಾಲದು, ಶಾಖವು ಪಕ್ಕಕ್ಕೆ ಸೋರಿಹೋಗುತ್ತದೆ, ಹಸಿ ಸೌದೆಯ ನೀರನ್ನು ಆರಿಸುವುದರಲ್ಲೇ ಬೆಂಕಿಯ ಶಕ್ತಿ ಕಳೆಯುತ್ತದೆ. ಹೀಗೆ ಅರೆಬೆಂದು ಉಳಿದ ಇಂಗಾಲವೇ ಕಾರ್ಬನ್ ಮಾನಾಕ್ಸೈಡ್ ಆಗಿಯೂ ನೂರಾರು ಬಗೆಯ ಆವಿಗಳಾಗಿಯೂ ಸೂಕ್ಷ್ಮ ಕಣಗಳಾಗಿಯೂ ಹೊರಬರುತ್ತದೆ. ಕಣಗಳಲ್ಲಿ ಎರಡೂವರೆ ಮೈಕ್ರಾನಿಗಿಂತ ಚಿಕ್ಕವು, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತೈದನೆಯ ಒಂದು ಪಾಲಿನಷ್ಟು ಇರುವಂಥವು, ಮೂಗಿನಲ್ಲಿಯೂ ಗಂಟಲಲ್ಲಿಯೂ ನಿಲ್ಲದೆ ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಇವುಗಳಲ್ಲಿ ಕಪ್ಪಾಗಿದ್ದು ಬೆಳಕನ್ನು ಹೀರುವ ಪಾಲನ್ನು ವಿಜ್ಞಾನಿಗಳು ಕಪ್ಪು ಇಂಗಾಲವೆಂದು ಕರೆಯುತ್ತಾರೆ. ನಮ್ಮ ತಾಯಂದಿರಿಗೆ ಅದು ಮಸಿ.

ಭಾರತವು 2009ರಲ್ಲಿ ನಿಗದಿಪಡಿಸಿದ ಮಾನದಂಡದ ಪ್ರಕಾರ ಇಂಥ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ 15. ಆಂಧ್ರಪ್ರದೇಶದ ಮೂರು ಜಿಲ್ಲೆಗಳ ಗ್ರಾಮೀಣ ಮನೆಗಳಲ್ಲಿ ಕಲ್ಪನಾ ಬಾಲಕೃಷ್ಣನ್ ಮತ್ತು ಸಂಗಡಿಗರು ಅಳೆದು 2004ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ, ಉಸಿರಿನೊಂದಿಗೆ ಒಳಹೋಗಬಲ್ಲ ಕಣಗಳ ದಿನದ ಸರಾಸರಿ ಪ್ರಮಾಣವು ಗ್ಯಾಸ್ ಬಳಸುವ ಮನೆಗಳಲ್ಲಿ 73ರಿಂದ ಆರಂಭವಾಗಿ ಸೌದೆ ಮೊದಲಾದ ಘನ ಇಂಧನಗಳನ್ನು ಸುಡುವ ಮನೆಗಳಲ್ಲಿ 732ರವರೆಗೆ ಇತ್ತು. ಅಲ್ಲಿ ಅಳೆದ ಕಣಗಳು ತುಸು ದೊಡ್ಡವೂ ಸೇರಿದ್ದರಿಂದ ಈ ಅಂಕಿಯನ್ನು ಮಾನದಂಡದೊಡನೆ ನೇರವಾಗಿ ಹೋಲಿಸಲಾಗದು. ಆದರೂ ಅಂತರದ ಅಗಾಧತೆ ಸ್ಪಷ್ಟವಾಗಿದೆ.

ನಮಗೆ ಇನ್ನೂ ಹತ್ತಿರದ ಅಧ್ಯಯನವೊಂದಿದೆ. ಮೈಸೂರು ಜಿಲ್ಲೆಯ ಹಳ್ಳಿಗಳ ಸ್ತ್ರೀಯರಲ್ಲಿ ದೀರ್ಘಕಾಲದ ಶ್ವಾಸನಾಳದ ಉರಿಯೂತವನ್ನು ಪರಿಶೀಲಿಸಿದ ಮೈಸೂರಿನ ವೈದ್ಯರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪತ್ರಿಕೆಯಲ್ಲಿ 2013ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅವರು ಬಳಸಿದ ಅಳತೆ ಬಹು ಸರಳವಾದುದು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಅಡುಗೆ ಮಾಡುತ್ತಾಳೆ ಎಂಬುದನ್ನು, ಎಷ್ಟು ವರ್ಷಗಳಿಂದ ಮಾಡುತ್ತಿದ್ದಾಳೆ ಎಂಬುದರಿಂದ ಗುಣಿಸುವುದು. ಈ ಗುಣಲಬ್ಧವು 60ನ್ನು ಮುಟ್ಟಿದಲ್ಲಿಂದ ರೋಗದೊಡನೆ ಅದರ ಸಂಬಂಧ ಗಣನೀಯವಾಗಿ ಕಾಣಿಸಿಕೊಂಡಿತು. ದಿನಕ್ಕೆ ನಾಲ್ಕು ಗಂಟೆ, ಹದಿನೈದು ವರ್ಷ: ಅಲ್ಲಿಗೆ 60. ಇಪ್ಪತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಬಂದವಳು ಮೂವತ್ತೈದಕ್ಕೆ ಆ ಗೆರೆಯನ್ನು ದಾಟಿರುತ್ತಾಳೆ. ನಮ್ಮ ಸಭೆಗಳಲ್ಲಿ ಸ್ತೋತ್ರಗೀತೆಯ ನಡುವೆ ಕೆಮ್ಮಿ ನಿಲ್ಲಿಸುವ, ಎಂದೂ ಬೀಡಿ ಸೇದದ ತಾಯಂದಿರನ್ನು ನೆನೆದಾಗ ಈ ಗುಣಾಕಾರವು ಕೇವಲ ಲೆಕ್ಕವಾಗಿ ಉಳಿಯುವುದಿಲ್ಲ.

ಹೊಗೆಕೊಳವೆ ಇಟ್ಟರೆ ಸಾಲದೇ ಎಂದು ಕೇಳಬಹುದು. ಅದು ಬಹಳ ಮಟ್ಟಿಗೆ ನೆರವಾಗುತ್ತದೆ. ಆದರೆ ಹೊಗೆಯನ್ನು ನಾಶಮಾಡುವುದಿಲ್ಲ, ಹೊರಗೆ ಕಳುಹಿಸುತ್ತದೆ. ಮುಂಬಯಿಯ ಐಐಟಿಯೂ ಅಂತರರಾಷ್ಟ್ರೀಯ ಸಂಸ್ಥೆಗಳೂ ಸೇರಿ 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2015ರಲ್ಲಿ ಭಾರತದಲ್ಲಿ ಹೊರಗಿನ ಗಾಳಿಯ ಸೂಕ್ಷ್ಮಕಣಗಳಿಂದಾದ ಸುಮಾರು 10.9 ಲಕ್ಷ ಸಾವುಗಳಲ್ಲಿ 2.67 ಲಕ್ಷದಷ್ಟಕ್ಕೆ ಮನೆಗಳಲ್ಲಿ ಸುಡುವ ಸೌದೆ, ಬೆರಣಿ, ಕೂಳೆಗಳೇ ಕಾರಣ. ಕಲ್ಲಿದ್ದಲಿನ ಪಾಲು 1.69 ಲಕ್ಷ. ಒಲೆಯ ಹೊಗೆ ಒಲೆಯವಳ ಸ್ವಂತ ವಿಷಯವಾಗಿ ಉಳಿದಿಲ್ಲವೆಂಬುದು ಇದರ ಅರ್ಥ.

ಅದೇ ಹೊಗೆ ಆಕಾಶದಲ್ಲಿ

1999ರ ಜನವರಿಯಿಂದ ಮಾರ್ಚಿಯವರೆಗೆ, ಮಾಲ್ಡೀವ್ಸ್ ದ್ವೀಪಗಳನ್ನು ನೆಲೆಯಾಗಿ ಮಾಡಿಕೊಂಡು, ಇಂಡೋಎಕ್ಸ್ ಎಂಬ ಹೆಸರಿನ ಹಿಂದೂಮಹಾಸಾಗರ ಪ್ರಯೋಗ ನಡೆಯಿತು. ಅಮೆರಿಕದ ಸರಕಾರವೂ ಯುರೋಪಿನ ಹಲವು ದೇಶಗಳೂ ಭಾರತದ ಬಾಹ್ಯಾಕಾಶ ಇಲಾಖೆ ಮೊದಲಾದವೂ ಹಣ, ಹಡಗು, ವಿಮಾನಗಳನ್ನು ಒದಗಿಸಿದವು. ಭಾರತದ ಕಡೆಯಿಂದ ಎ.ಪಿ. ಮಿತ್ರ ಅವರು ಮುಂದಾಳಾಗಿದ್ದರು; ‘ಸಾಗರ್ ಕನ್ಯಾ’ ನೌಕೆಯು ಅಳತೆಯ ಉಪಕರಣಗಳನ್ನು ಹೊತ್ತು ಸಾಗಿತು. ಒಟ್ಟು ಪ್ರಯೋಗದ ಮುಂದಾಳುಗಳಲ್ಲಿ ಒಬ್ಬರು ವೀರಭದ್ರನ್ ರಾಮನಾಥನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಈ ವಿಜ್ಞಾನಿ 2004ರಿಂದ ಪೋಪರ ವಿಜ್ಞಾನ ಅಕಾಡೆಮಿಯ ಸದಸ್ಯರೂ ಹೌದು. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ಪರಿಪತ್ರವು ತನ್ನ ಇಪ್ಪತ್ತನೆಯ ಪರಿಚ್ಛೇದದಲ್ಲಿ ಅಡುಗೆಗೂ ಚಳಿಕಾಯಿಸುವುದಕ್ಕೂ ಸುಡುವ ಇಂಧನದ ಹೊಗೆಯಿಂದ ಬಡವರು ರೋಗಿಗಳಾಗುವುದನ್ನು ಎತ್ತಿ ಹೇಳುತ್ತದೆ. ಪ್ರಾಟೆಸ್ಟೆಂಟ್ ಸಭೆಗಳವರಾದ ನಾವೂ ಆ ಪರಿಚ್ಛೇದವನ್ನು ಓದಿಕೊಳ್ಳುವುದರಲ್ಲಿ ನಷ್ಟವಿಲ್ಲ.

ಇಂಡೋಎಕ್ಸ್ ಕಂಡದ್ದೇನು? ಚಳಿಗಾಲದ ಒಣ ತಿಂಗಳುಗಳಲ್ಲಿ ದಕ್ಷಿಣ ಏಷ್ಯದ ಮೇಲೂ ಅದಕ್ಕೆ ಹೊಂದಿದ ಕಡಲಿನ ಮೇಲೂ ಸುಮಾರು ಮೂರು ಕಿಲೋಮೀಟರ್ ಎತ್ತರದವರೆಗೆ ಕಂದುಬಣ್ಣದ ಮಬ್ಬು ಕವಿದಿತ್ತು. ಅದರಲ್ಲಿನ ಮಸಿಯು ಬಿಸಿಲನ್ನು ತಾನೇ ಹೀರಿ ಸುತ್ತಣ ಗಾಳಿಯನ್ನು ಕಾಯಿಸುತ್ತದೆ. ಅಷ್ಟರಮಟ್ಟಿಗೆ ನೆಲಕ್ಕೂ ಕಡಲಿಗೂ ಬಿಸಿಲು ತಲಪುವುದು ಕಡಿಮೆಯಾಗುತ್ತದೆ. ಮೇಲೆ ಬಿಸಿ, ಕೆಳಗೆ ತಂಪು. ಕಡಲಿನಿಂದ ನೀರು ಆವಿಯಾಗುವ ಬಗೆಯೂ ಗಾಳಿ ಬೀಸುವ ಬಗೆಯೂ ಇದರಿಂದ ಬದಲಾಗಬಲ್ಲವು.

ಇದರಿಂದ ಮುಂಗಾರಿಗೆ ಏನಾಗುತ್ತದೆ ಎಂಬಲ್ಲಿ ವಿಜ್ಞಾನಿಗಳು ಒಮ್ಮತಕ್ಕೆ ಬಂದಿಲ್ಲ. ಕಡಲು ತಂಪಾಗುವುದರಿಂದ ಮುಂಗಾರು ದುರ್ಬಲವಾಗುತ್ತದೆ ಎಂದು ರಾಮನಾಥನ್ ಮತ್ತು ಸಂಗಡಿಗರು 2005ರಲ್ಲಿ ವಾದಿಸಿದರು. ಹಿಮಾಲಯದ ತಪ್ಪಲಿನಲ್ಲಿ ಗಾಳಿ ಕಾಯುವುದರಿಂದ ಮುಂಗಾರಿನ ಆರಂಭವು ಬಲಗೊಳ್ಳುತ್ತದೆಂದು ಮತ್ತೊಂದು ತಂಡವು 2006ರಲ್ಲಿ ವಾದಿಸಿತು. ಹೂಮಳೆ ಒಂದು ವಾರ ತಡವಾದರೆ ವರ್ಷದ ಫಸಲು ಏರುಪೇರಾಗುವ ಕಾಫಿ ನಾಡಿನಲ್ಲಿ ಇಂಥ ಚರ್ಚೆಗಳನ್ನು ಕೇಳಿ ಆತುರದ ತೀರ್ಮಾನಕ್ಕೆ ಬರುವುದು ಸಹಜ. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲೂಕುಗಳ ಗುಡ್ಡಗಳು ಕುಸಿದಾಗ, ಹಟ್ಟಿಹೊಳೆ, ಮಾದಾಪುರ, ಮಕ್ಕಂದೂರುಗಳ ಕಡೆಯ ಜನ ಮನೆಮಾರು ಕಳೆದುಕೊಂಡಾಗ, ಅದಕ್ಕೆ ನಾನಾ ಕಾರಣಗಳನ್ನು ಹೇಳಿದವರುಂಟು. ಧರ್ಮಪೀಠದಿಂದ ಹೇಳಿದವರೂ ಉಂಟು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಸ್ಥಳಗಳನ್ನು ನೋಡಿ, ಅತಿಯಾದ ಮಳೆಯ ಜತೆಗೆ ಮನೆ, ರಸ್ತೆ, ತೋಟಗಳಿಗಾಗಿ ಇಳಿಜಾರನ್ನು ಕಡಿದದ್ದನ್ನು ಎತ್ತಿ ತೋರಿಸಿದರು. ಆ ಕುಸಿತವನ್ನು ಒಲೆಯ ಮಸಿಗೆ ಹೊರಿಸಲು ನಮಗೆ ಯಾವ ಆಧಾರವೂ ಇಲ್ಲ, ಆದಕಾರಣ ಹೊರಿಸಬಾರದು.

ಇಬ್ಬರು ಇಲ್ಲವೆ ಮೂವರು ಸಾಕ್ಷಿಗಳು

ಧರ್ಮೋಪದೇಶಕಾಂಡದ ಹತ್ತೊಂಬತ್ತನೆಯ ಅಧ್ಯಾಯವು ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ಅಪರಾಧಿಯೆಂದು ನಿರ್ಣಯಿಸಲು ಒಪ್ಪುವುದಿಲ್ಲ. ಕನಿಷ್ಠ ಇಬ್ಬರು ಇಲ್ಲವೆ ಮೂವರು ಬೇಕು. ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಿಸಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಮಬ್ಬಿನ ಮೂಲವನ್ನು ಹುಡುಕಿದ ಸಂಶೋಧನೆಯ ಕಥೆಯು ಈ ವಿಧಿಗೆ ಒಂದು ವ್ಯಾಖ್ಯಾನದಂತಿದೆ.

ಮೊದಲನೆಯ ಸಾಕ್ಷಿ, ಲೆಕ್ಕದ ಪುಸ್ತಕ. ದೇಶದಲ್ಲಿ ಎಷ್ಟು ಸೌದೆ, ಎಷ್ಟು ಬೆರಣಿ, ಎಷ್ಟು ಡೀಸೆಲ್, ಎಷ್ಟು ಕಲ್ಲಿದ್ದಲು ಉರಿಯುತ್ತದೆ ಎಂದು ಅಂದಾಜು ಮಾಡಿ, ಪ್ರತಿಯೊಂದರ ಒಂದು ಕಿಲೋದಿಂದ ಎಷ್ಟು ಮಸಿ ಬರುತ್ತದೆ ಎಂದು ಅಳೆದು, ಗುಣಿಸಿ ಕೂಡಿಸುವುದು. ಮುಂಬಯಿಯ ಐಐಟಿಯ ಚಂದ್ರಾ ವೆಂಕಟರಾಮನ್ ಮತ್ತು ಸಂಗಡಿಗರು 2005ರಲ್ಲಿ ಹೀಗೆ ಲೆಕ್ಕಹಾಕಿ, ಭಾರತದ ಕಪ್ಪು ಇಂಗಾಲಕ್ಕೆ ಮನೆಯ ಒಲೆಗಳಲ್ಲಿ ಸುಡುವ ಜೈವಿಕ ಇಂಧನವೇ ಅತಿ ದೊಡ್ಡ ಮೂಲವೆಂದು ಹೇಳಿದರು. ಇಂಥ ಬೇರೆ ಬೇರೆ ಲೆಕ್ಕಗಳು ಜೈವಿಕ ಇಂಧನದ ಪಾಲನ್ನು ಶೇಕಡ 50ರಿಂದ 90ರವರೆಗೆ ಇಟ್ಟಿದ್ದವು.

ಎರಡನೆಯ ಸಾಕ್ಷಿ, ಕಣದ ರಾಸಾಯನಿಕ ಗುಣ. ಸೌದೆಯ ಹೊಗೆಯಲ್ಲಿ ಪೊಟ್ಯಾಸಿಯಂ ಹೆಚ್ಚು, ಕಲ್ಲಿದ್ದಲು ಮತ್ತು ತೈಲದ ಹೊಗೆಯ ಸಂಗಡ ಗಂಧಕ ಹೆಚ್ಚು. ಕಡಲಿನ ಮೇಲೆ ಹಿಡಿದ ಕಣಗಳ ಧಾತುಗಳನ್ನು ಪರೀಕ್ಷಿಸಿದವರಿಗೆ ಅವು ಬಹುಪಾಲು ಡೀಸೆಲ್, ಕಲ್ಲಿದ್ದಲುಗಳಂಥ ಪಳೆಯುಳಿಕೆ ಇಂಧನದವೆಂದು ತೋರಿತು. ಹೀಗೆ ಇಬ್ಬರು ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾದವು.

ಮೂರನೆಯ ಸಾಕ್ಷಿಯಾಗಿ ಬಂದದ್ದು ಇಂಗಾಲ-14. ಇದು ಇಂಗಾಲದ ವಿಕಿರಣಶೀಲ ರೂಪ. ವಾಯುಮಂಡಲದ ಮೇಲ್ಭಾಗದಲ್ಲಿ ಸದಾ ಹುಟ್ಟುತ್ತಿರುತ್ತದೆ, ಉಸಿರಾಡುವ ಗಿಡಮರಗಳೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಸೇರುತ್ತಿರುತ್ತದೆ. ಮರ ಸತ್ತ ಮೇಲೆ ಅದು ಕ್ಷಯಿಸತೊಡಗಿ 5,730 ವರ್ಷಗಳಿಗೊಮ್ಮೆ ಅರ್ಧವಾಗುತ್ತದೆ. ಕಲ್ಲಿದ್ದಲೂ ಪೆಟ್ರೋಲಿಯಮ್ಮೂ ಕೋಟ್ಯಂತರ ವರ್ಷಗಳ ಹಿಂದಿನ ಜೀವಿಗಳ ಅವಶೇಷಗಳಾದುದರಿಂದ ಅವುಗಳಲ್ಲಿ ಇಂಗಾಲ-14 ಉಳಿದೇ ಇಲ್ಲ. ಕಳೆದ ವರ್ಷ ಮರಗಸಿಯಲ್ಲಿ ಇಳಿಸಿದ ಕೊಂಬೆಯಲ್ಲಾದರೋ ಅದು ಹೊಚ್ಚ ಹೊಸದಾಗಿ ಇದೆ. ಆದಕಾರಣ ಗಾಳಿಯಿಂದ ಸೋಸಿದ ಮಸಿಯಲ್ಲಿ ಇಂಗಾಲ-14 ಎಷ್ಟಿದೆ ಎಂದು ಅಳೆದರೆ, ಅದರಲ್ಲಿ ಎಷ್ಟು ಪಾಲು ನಿನ್ನೆ ಮೊನ್ನೆಯ ಮರದ್ದು, ಎಷ್ಟು ಪಾಲು ಭೂಗರ್ಭದ್ದು ಎಂದು ಹೇಳಬಹುದು. ಡೀಸೆಲ್ ಲಾರಿಯು ಸೌದೆಯ ವೇಷ ಹಾಕಲಾರದು. ಸೌದೆಯೂ ಡೀಸೆಲ್ಲಿನ ವೇಷ ಹಾಕಲಾರದು.

ಸ್ಟಾಕ್‌ಹೋಮಿನ ಒರ್ಯಾನ್ ಗುಸ್ಟಾಫ್‌ಸನ್ ಅವರ ತಂಡವು ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳೊಡಗೂಡಿ ಈ ಪರೀಕ್ಷೆಯನ್ನು ನಡೆಸಿತು. ಆ ಸಂಸ್ಥೆಯು ಕೇಂದ್ರ ಸರಕಾರದ್ದು. ಮಾಲ್ಡೀವ್ಸಿನ ಹನಿಮಾಧೂ ದ್ವೀಪದಲ್ಲಿಯೂ, ನಮ್ಮ ಪಶ್ಚಿಮಘಟ್ಟಗಳದೇ ಸಾಲಿನಲ್ಲಿ ಪುಣೆಯ ಬಳಿಯಿರುವ ಸಿಂಹಗಡದಲ್ಲಿಯೂ ಸಂಗ್ರಹಿಸಿದ ಕಣಗಳನ್ನು ಪರೀಕ್ಷಿಸಿ 2009ರಲ್ಲಿ ವರದಿ ಮಾಡಿತು: ಇಂಗಾಲಯುಕ್ತ ಕಣಗಳ ಒಟ್ಟು ಮೊತ್ತದಲ್ಲಿ ಮೂರರಲ್ಲಿ ಎರಡು ಪಾಲು ಜೈವಿಕ ವಸ್ತುವನ್ನು ಸುಟ್ಟದ್ದರಿಂದ ಬಂದದ್ದು. ಕಪ್ಪು ಇಂಗಾಲವನ್ನು ಎರಡು ಬೇರೆ ವಿಧಾನಗಳಿಂದ ಬೇರ್ಪಡಿಸಿ ನೋಡಿದಾಗ ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಮೂರರಲ್ಲಿ ಎರಡು ಪಾಲು ಅದೇ ಮೂಲದ್ದು. ಜೈವಿಕ ವಸ್ತುವೆಂದರೆ ಒಲೆಯ ಸೌದೆ ಮಾತ್ರವಲ್ಲ, ಹೊಲದಲ್ಲಿ ಸುಡುವ ಕೂಳೆಯೂ ಕಾಳ್ಗಿಚ್ಚೂ ಅದರಲ್ಲಿ ಸೇರುತ್ತವೆ. ಇಂಗಾಲ-14 ಇವುಗಳನ್ನು ಪ್ರತ್ಯೇಕಿಸಲಾರದು. ಮೂರನೆಯ ಸಾಕ್ಷಿಗೂ ತಾನು ಕಂಡಷ್ಟೇ ಗೊತ್ತು.

ನಿಜವಾದರೂ ಪೊಳ್ಳಾದ ಸಾಕ್ಷಿ

ಇಲ್ಲಿಗೆ ವಿಚಾರಣೆ ಮುಗಿಯಿತೆಂದೂ ಅಪರಾಧಿ ಸಿಕ್ಕಿದಳೆಂದೂ ಭಾವಿಸುವವರಿದ್ದಾರೆ. ಹಾಗೆ ಭಾವಿಸುವುದರಲ್ಲಿಯೇ ಅಪಾಯವಿದೆ.

ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಗೆ ಬಳಸಿರುವ ಹೀಬ್ರೂ ಪದ ‘ಶೆಕೆರ್’: ಸುಳ್ಳು, ಇಲ್ಲದ್ದನ್ನು ಇದೆಯೆನ್ನುವುದು. ಅದೇ ಆಜ್ಞೆಯು ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಮರಳಿ ಬರುವಾಗ ಪದವು ‘ಶಾವ್’ ಎಂದಾಗಿದೆ: ಪೊಳ್ಳು, ವ್ಯರ್ಥ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಆಜ್ಞೆಯಲ್ಲಿ ಬಳಕೆಯಾಗಿರುವುದೂ ಇದೇ ಪದ. ಎರಡನ್ನೂ ಸಮಾನಾರ್ಥಕಗಳೆಂದು ತಿಳಿಯುವ ವ್ಯಾಖ್ಯಾನಕಾರರಿದ್ದಾರೆ. ದೇವರ ಹೆಸರು ಸುಳ್ಳಲ್ಲ. ಆದರೂ ಅದನ್ನು ಪೊಳ್ಳಾಗಿ ಎತ್ತುವುದು ಸಾಧ್ಯ. ಹಾಗೆಯೇ ಒಂದು ಅಂಕಿ ಸುಳ್ಳಾಗಿರದೆ ಇದ್ದು, ಅದನ್ನು ನೆರೆಯವಳ ವಿರುದ್ಧ ಪೊಳ್ಳಾಗಿ ಎತ್ತುವುದೂ ಸಾಧ್ಯವೆಂದು ನಾವು ಓದುತ್ತೇವೆ.

2002ರ ಆಗಸ್ಟ್ ತಿಂಗಳಲ್ಲಿ, ಜೋಹಾನ್ಸ್‌ಬರ್ಗಿನ ಜಾಗತಿಕ ಸಮ್ಮೇಳನಕ್ಕೆ ಕೆಲವೇ ದಿನಗಳ ಮುಂಚೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಇಂಡೋಎಕ್ಸ್ ಫಲಿತಾಂಶಗಳ ಆಧಾರದ ಮೇಲೆ ‘ಏಷ್ಯದ ಕಂದು ಮೋಡ’ ಎಂಬ ವರದಿಯನ್ನು ಬಿಡುಗಡೆ ಮಾಡಿತು. ಜಗತ್ತಿನ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ ಅವರು ಅದೇ ವರ್ಷ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿಯ ತೀರ್ಮಾನಗಳನ್ನು ಪ್ರಶ್ನಿಸಿ, ಅದರಲ್ಲಿ ವಾಸ್ತವವೆಷ್ಟು ಕಲ್ಪನೆಯೆಷ್ಟು ಎಂದು ವಿಂಗಡಿಸಿ ಬರೆದರು. ಮಬ್ಬು ಇರುವುದು ಒಣ ತಿಂಗಳುಗಳಲ್ಲಿ. ಮಳೆ ಬಂದೊಡನೆ ಅದು ತೊಳೆದುಹೋಗುತ್ತದೆ. ಅಂಥ ಮಬ್ಬು ಏಷ್ಯ ಒಂದರ ಸ್ವತ್ತೂ ಅಲ್ಲ. ಮುಂದೆ ‘ಏಷ್ಯದ’ ಎಂಬ ವಿಶೇಷಣವನ್ನು ಕೈಬಿಟ್ಟು ‘ವಾಯುಮಂಡಲದ ಕಂದು ಮೋಡ’ ಎಂದು ಹೆಸರಿಸಲಾಯಿತು. ಮೋಡಕ್ಕೆ ಒಂದು ಖಂಡದ ಹೆಸರಿಟ್ಟು, ಇಂಗಾಲದ ಡೈಆಕ್ಸೈಡಿಗೆ ಯಾವ ಖಂಡದ ಹೆಸರನ್ನೂ ಇಡದಿದ್ದರೆ ಕೇಳುವವನ ಮನಸ್ಸು ಎತ್ತ ವಾಲುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಅಂಕಿಯ ಹಿಂದೆ ಕಾಲದ ಲೆಕ್ಕವೂ ಒಂದಿದೆ. ಒಲೆಯಿಂದ ಹೊರಟ ಮಸಿಯು ಗಾಳಿಯಲ್ಲಿ ಇರುವುದು ಸುಮಾರು ಒಂದು ವಾರ. ಕಲ್ಲಿದ್ದಲಿನಿಂದ ಹೊರಟ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಶತಮಾನಗಳನ್ನೂ ದಾಟಿ ಉಳಿಯುತ್ತದೆ. ಸೋಮವಾರಪೇಟೆಯ ತಾಯಿ ಇಂದು ಒಲೆಯನ್ನು ಆರಿಸಿದರೆ ಅವಳ ಮಸಿಯ ಋಣ ಮುಂದಿನ ಭಾನುವಾರದೊಳಗೆ ತೀರುತ್ತದೆ. ಅವಳು ಸುಟ್ಟ ಕೊಂಬೆ ಇದ್ದ ಕಡೆ ನೆರಳುಮರವು ಮತ್ತೆ ಚಿಗುರಿ ಆ ಇಂಗಾಲವನ್ನು ಮರಳಿ ಹೀರುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲನ್ನು ಉರಿಸಿ ನಮ್ಮೆಲ್ಲರಿಗೆ ಕೊಟ್ಟ ವಿದ್ಯುತ್ತಿನ ಋಣ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ತೀರದು. ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರಲ್ಲಿಯೇ ಬದುಕಿಗಾಗಿ ಹೊರಬಿಡುವ ಅನಿಲವನ್ನೂ ಭೋಗಕ್ಕಾಗಿ ಹೊರಬಿಡುವ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ವಾದಿಸಿದ್ದರು. ನಾತಾನನು ದಾವೀದನಿಗೆ ಹೇಳಿದ ಕಥೆಯಲ್ಲಿಯೂ ಬಡವನ ಒಂದೇ ಕುರಿಮರಿ, ಸಿರಿವಂತನ ಹಿಂಡುಗಳು ಎಂಬ ಭೇದವಿದೆ. ಆ ಭೇದವನ್ನು ಮರೆತರೆ ಕಥೆಗೆ ಅರ್ಥವಿಲ್ಲ.

ಗ್ಯಾಸೂ ಪಳೆಯುಳಿಕೆ ಇಂಧನವಲ್ಲವೇ, ಅದನ್ನು ಬಡವರಿಗೆ ಕೊಡುವುದರಿಂದ ಭೂಮಿಯ ತಾಪ ಏರದೇ ಎಂಬ ಪ್ರಶ್ನೆಯನ್ನು ಕಾಳಜಿಯುಳ್ಳ ವಿದ್ಯಾರ್ಥಿಗಳು ಕೇಳುವುದುಂಟು. 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳ ಅಡುಗೆಮನೆಗಳಲ್ಲಿ ಹೊಗೆಯನ್ನು ಅಳೆದ ಕರ್ಕ್ ಸ್ಮಿತ್ ಅವರು 2002ರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಘನ ಇಂಧನವನ್ನು ಅವಲಂಬಿಸಿದ ಇನ್ನೂರು ಕೋಟಿ ಜನರೆಲ್ಲರೂ ಗ್ಯಾಸಿಗೆ ಬದಲಾದರೂ ಜಗತ್ತಿನ ಪಳೆಯುಳಿಕೆ ಇಂಧನಗಳ ಹೊರಸೂಸುವಿಕೆ ಹೆಚ್ಚುವುದು ಶೇಕಡ 2ಕ್ಕೂ ಕಡಿಮೆ.

ಅರಸನ ಅನ್ನವನ್ನುಂಡು

ನಾತಾನನು ಆಸ್ಥಾನದ ಪ್ರವಾದಿ. ಅರಸನ ಅನ್ನವನ್ನುಂಡು ಅರಸನ ತಪ್ಪನ್ನು ಅರಸನ ಮುಂದೆಯೇ ಹೇಳಿದನು. ಸರಕಾರದ ಹಣದಿಂದ ನಡೆಯುವ ಸಂಶೋಧನೆಯು ಒಳ್ಳೆಯದಾಗಿದ್ದಾಗ ಈ ಗುಣವನ್ನು ಪಡೆದಿರುತ್ತದೆ. ಆ ಹಣವಾದರೂ ಬೆಂಕಿಪೆಟ್ಟಿಗೆಗೂ ಸಾಬೂನಿಗೂ ತೆರಿಗೆ ಕಟ್ಟುವ ಲೈನ್ ಮನೆಯವಳದೂ ಹೌದು. ಆದಕಾರಣ ಫಲಿತಾಂಶದಲ್ಲಿ ಅವಳಿಗೂ ಹಕ್ಕಿದೆ.

ಕರ್ನಾಟಕದಲ್ಲಿ ಈ ಬಗೆಯ ಸಂಶೋಧನೆಗೆ ಗೌರವದ ಆರಂಭವೇ ಇತ್ತು. 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವನ್ನು ಆರಂಭಿಸಿದರು. ಮರುವರ್ಷ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸ್ಥಾಪನೆಯಾಗಿ ಅದಕ್ಕೆ ಬೆಂಬಲವಾಯಿತು. ತುಮಕೂರು ಜಿಲ್ಲೆಯ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ವಿಜ್ಞಾನಿಗಳು ಮನೆಮನೆಗೆ ಹೋಗಿ ಯಾರು ಎಷ್ಟು ಸೌದೆ ತರುತ್ತಾರೆ, ಎಷ್ಟು ಗಂಟೆ ನಡೆಯುತ್ತಾರೆ, ನೀರು ಕಾಯಿಸಲು ಎಷ್ಟು ಸುಡುತ್ತಾರೆ ಎಂದು ಬರೆದುಕೊಂಡರು. ಹಳ್ಳಿಯ ಶಕ್ತಿಯೆಂದರೆ ಪಂಪ್‌ಸೆಟ್ಟು ಮತ್ತು ದೀಪ ಎಂದು ತಿಳಿದಿದ್ದ ಕಾಲದಲ್ಲಿ, ಅದು ಬಹುಪಾಲು ಸ್ತ್ರೀಯರು ಹೊತ್ತು ತಂದು ಅಡುಗೆಮನೆಯಲ್ಲಿ ಸುಡುವ ಸೌದೆ ಎಂಬುದನ್ನು ಅವರ ಲೆಕ್ಕ ತೋರಿಸಿತು. ಮೂರು ಪಾತ್ರೆಗಳನ್ನಿಡಬಹುದಾದ, ಕಂಬಿಜಾಲರಿಯೂ ಹೊಗೆಕೊಳವೆಯೂ ಇದ್ದ ‘ಅಸ್ತ್ರ ಒಲೆ’ ಅಲ್ಲಿಂದ ಬಂದದ್ದು. ಕೇಂದ್ರ ಸರಕಾರವೂ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ, ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಿಸಿರುವುದಾಗಿ ಹೇಳಿಕೊಂಡು, 2002ರಲ್ಲಿ ನಿಲ್ಲಿಸಿತು. ಒಲೆ ಬಿರುಕು ಬಿಟ್ಟಾಗ, ಕೊಳವೆ ಕಟ್ಟಿಕೊಂಡಾಗ ದುರಸ್ತಿ ಮಾಡುವವರಿಲ್ಲದೆ ಬಹಳ ಮನೆಗಳಲ್ಲಿ ಹಳೆಯ ಮೂರು ಕಲ್ಲುಗಳೇ ಮರಳಿ ಬಂದವು. 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆ ಹತ್ತು ಕೋಟಿಗೂ ಮಿಕ್ಕಿದ ಮನೆಗಳಿಗೆ ಗ್ಯಾಸ್ ತಲಪಿಸಿತು. ಇದು ದೊಡ್ಡ ಕೆಲಸವೇ. ಆದರೆ ಆ ಮನೆಗಳು ವರ್ಷಕ್ಕೆ ತುಂಬಿಸಿಕೊಳ್ಳುವ ಸಿಲಿಂಡರುಗಳು ಸರಾಸರಿ ನಾಲ್ಕರ ಆಸುಪಾಸು. ಪೂರ್ತಿ ಗ್ಯಾಸಿನಲ್ಲೇ ಬೇಯಿಸಬೇಕಾದರೆ ಅದರ ದುಪ್ಪಟ್ಟಾದರೂ ಬೇಕು. ಉಳಿದ ದಿನಗಳು ಸೌದೆಯವು. ಬಚ್ಚಲ ಹಂಡೆಗಂತೂ ಗ್ಯಾಸು ಸಂಬಂಧವೇ ಇಲ್ಲ.

ಈಗ ಕೇಂದ್ರ ಪರಿಸರ ಸಚಿವಾಲಯದ ಹಣದಿಂದ 2017ರಲ್ಲಿ ಆರಂಭವಾದ ‘ಕೋಲೆಸ್’ ಎಂಬ ಯೋಜನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳು ಸೇರಿ ಇಂಗಾಲದ ಕಣಗಳ ಮೂಲವನ್ನೂ ಹವಾಗುಣದ ಮೇಲೆ ಅವುಗಳ ಪರಿಣಾಮವನ್ನೂ ಹುಡುಕುತ್ತಿವೆ. ಅದರ ಮಾಪನ ಕೇಂದ್ರಗಳಲ್ಲಿ ಒಂದು ಮೈಸೂರಿನಲ್ಲಿದೆ. ಸೋಮವಾರಪೇಟೆಗೆ ಅತಿ ಹತ್ತಿರದ್ದು ಅದೇ. ಅಡುಗೆಯ ಒಲೆಯ ಜತೆಗೆ ನೀರು ಕಾಯಿಸುವ ಒಲೆಯನ್ನೂ ಇಟ್ಟಿಗೆ ಗೂಡನ್ನೂ ಕೂಳೆ ಸುಡುವುದನ್ನೂ ಬೇರೆ ಬೇರೆಯಾಗಿ ಎಣಿಸುವುದು ಇದರ ವಿಶೇಷ. ಬಚ್ಚಲ ಒಲೆ ಕೊನೆಗೂ ದೇಶದ ಲೆಕ್ಕದ ಪುಸ್ತಕಕ್ಕೆ ಬಂದಿತು.

ಸಾಕ್ಷಿಯನ್ನು ಹಣಕೊಟ್ಟು ಕರೆಸಿ, ಅದರ ಮಾತು ಕೇಳಿಸಲಿಲ್ಲವೆನ್ನುವುದೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇತರ ಸಂಸ್ಥೆಗಳೊಡನೆ ಸೇರಿ ನಡೆಸಿದ ಅಧ್ಯಯನದ ಪ್ರಕಾರ 2019ರಲ್ಲಿ ದೇಶದಲ್ಲಿ 16.7 ಲಕ್ಷ ಸಾವುಗಳು ವಾಯುಮಾಲಿನ್ಯಕ್ಕೆ ಸಲ್ಲುತ್ತವೆ. 1990ರಿಂದ 2019ರವರೆಗೆ ಮನೆಯೊಳಗಿನ ಮಾಲಿನ್ಯದಿಂದಾಗುವ ಸಾವಿನ ಪ್ರಮಾಣ ಶೇಕಡ 64ರಷ್ಟು ಇಳಿದಿದೆ, ಹೊರಗಿನ ಕಣಮಾಲಿನ್ಯದಿಂದಾಗುವುದು ಶೇಕಡ 115ರಷ್ಟು ಏರಿದೆ. ಆದರೂ, ಕೇವಲ ವಾಯುಮಾಲಿನ್ಯದಿಂದಲೇ ಸಾವು ಸಂಭವಿಸುತ್ತದೆಂದು ಸ್ಥಾಪಿಸುವ ನಿರ್ಣಾಯಕ ಮಾಹಿತಿ ಇಲ್ಲವೆಂಬ ಉತ್ತರವನ್ನು ಸರಕಾರವು ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಕೊಟ್ಟಿದೆ. ‘ಕೇವಲ’ ಎಂಬ ಪದವಿರುವುದರಿಂದ ಉತ್ತರವು ಅಕ್ಷರಶಃ ಸುಳ್ಳಲ್ಲ. ಯಾರ ಮರಣಪತ್ರದಲ್ಲಿಯೂ ಕಾರಣದ ಜಾಗದಲ್ಲಿ ಗಾಳಿ ಎಂದು ಬರೆಯುವುದಿಲ್ಲ; ಹೃದಯಾಘಾತ, ಶ್ವಾಸಕೋಶದ ರೋಗ ಎಂದೇ ಬರೆಯುತ್ತಾರೆ. ಗಾಳಿಯ ಪಾಲು ಕಾಣುವುದು ಲಕ್ಷಾಂತರ ಜನರನ್ನು ಹೋಲಿಸಿದಾಗ ಮಾತ್ರ. ಬೀಡಿಯ ವಿಷಯದಲ್ಲಿಯೂ ಹೀಗೆಯೇ ತಿಳಿದುಬಂದದ್ದು. ಆ ಕಾರಣಕ್ಕೆ ಬೀಡಿಯನ್ನು ಯಾರೂ ಬಿಡುಗಡೆಗೊಳಿಸಲಿಲ್ಲ. ಮೇಲೆ ಹೇಳಿದ ‘ಶಾವ್’ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ಹೊಳೆಯುತ್ತಿಲ್ಲ. ಉಷ್ಣವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ 2015ರ ಡಿಸೆಂಬರಿನಲ್ಲಿ ಮಿತಿ ಗೊತ್ತುಮಾಡಿ, ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳನ್ನು ಅದನ್ನು ತಡೆಯುವ ಯಂತ್ರದ ಹೊಣೆಯಿಂದ ಬಿಡಿಸಲಾಯಿತು. ಒಲೆಯವಳಿಗೆ ಮಾತ್ರ ಬದಲಾಗೆಂದು ಹೇಳುವ ಜಾಹೀರಾತುಗಳು ನಿಂತಿಲ್ಲ.

ಒಲೆಯ ಬಳಿಗೆ ಮರಳಿ

ಸಭಾಪಾಲಕರು ಮನೆಭೇಟಿಗೆ ಹೋದಾಗ ಮೈಸೂರಿನ ವೈದ್ಯರ ಎರಡು ಪ್ರಶ್ನೆಗಳನ್ನು ಕೇಳಲು ಯಾವ ಯಂತ್ರವೂ ಬೇಡ: ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷದಿಂದ. ಅರವತ್ತನ್ನು ದಾಟಿದವರ ಹೆಸರನ್ನು ಬರೆದಿಟ್ಟುಕೊಂಡು, ಅವರನ್ನು ಸರಕಾರಿ ಆಸ್ಪತ್ರೆಗೆ ಶ್ವಾಸ ಪರೀಕ್ಷೆಗೆ ಕಳುಹಿಸಿದರೆ ಅದೂ ಪಾಲನಾ ಸೇವೆಯೇ. ಆದರೆ ಪ್ರಶ್ನೆ ಕೇಳುವ ದನಿಯಲ್ಲಿ ಆರೋಪ ಇರಬಾರದು. ಹಸಿ ಸೌದೆಯನ್ನು ಅವಳು ಆರಿಸಿಕೊಂಡದ್ದಲ್ಲ, ಕಿಟಕಿಯಿಲ್ಲದ ಮನೆಯನ್ನು ಅವಳು ಕಟ್ಟಿದ್ದಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು ವಸತಿಯ ಹೊಣೆಯನ್ನು ಹೊರಿಸಿದ್ದು ತೋಟದ ಒಡೆಯರ ಮೇಲೆ. ನಮ್ಮ ಸಭೆಗಳಲ್ಲಿ ಲೈನ್ ಮನೆಯವರೂ ತೋಟದ ಒಡೆಯರೂ ಒಂದೇ ಕರ್ತನ ಮೇಜಿನ ಮುಂದೆ ಮೊಣಕಾಲೂರುತ್ತಾರೆ. ಈ ವಿಷಯವನ್ನು ಮೊದಲು ಕೇಳಬೇಕಾದವರು ಎರಡನೆಯವರು. ಸಭೆಯ ಹಬ್ಬದೂಟವನ್ನು ಬೇಯಿಸುವ ಚಪ್ಪರದ ಒಲೆಗಳನ್ನೂ ಅಲ್ಲಿ ದಿನವಿಡೀ ನಿಲ್ಲುವವರನ್ನೂ ಇದೇ ಪಟ್ಟಿಗೆ ಸೇರಿಸಬೇಕು.

ಕೆಲಸಕ್ಕೆ ಒಂದು ಗಡುವೂ ಇದೆ. ಮರಗಸಿ ಮುಗಿದು ಸೌದೆ ಒಟ್ಟುವುದು ಮೇ ತಿಂಗಳಲ್ಲಿ. ಜೂನ್ ಮೊದಲ ವಾರಗಳಲ್ಲಿ ಮಳೆ ಇಳಿಯುತ್ತದೆ. ಸೌದೆಯ ಮೇಲೆ ನಾಲ್ಕು ತಗಡು, ಅಡುಗೆಯ ಒಲೆಗೂ ಬಚ್ಚಲ ಒಲೆಗೂ ಒಂದೊಂದು ಹೊಗೆಕೊಳವೆ, ಸಿಲಿಂಡರ್ ತುಂಬಿಸಲು ಮಳೆಗಾಲದ ಮೂರು ತಿಂಗಳ ಸಹಾಯಧನ, ಇವುಗಳನ್ನು ಮಾಡುವುದಾದರೆ ಅಷ್ಟರೊಳಗೆ ಆಗಬೇಕು. ಏಪ್ರಿಲ್ ತಿಂಗಳ ಸಭಾಸಮಿತಿಯ ಕಾರ್ಯಸೂಚಿಯಲ್ಲಿ ಇದಕ್ಕೆ ಜಾಗವಿದೆಯೇ ಎಂದು ಉತ್ತರ ಕೊಡಗಿನ ನಮ್ಮ ಸಭಾಪಾಲಕ ಮಿತ್ರರನ್ನು ಕೇಳುತ್ತೇವೆ.